ಅವ್ವನ ಕೈಯಳತೆಯ ಮಡಿ

ಮೊಣಕಾಲು ಮಡಿಸಲಾಗದ ನಮ್ಮವ್ವನಿಗೆ ಅಳವಂಡಿಯ ನಮ್ಮ ಮನೆ ಹಿತ್ತಲಲ್ಲಿ ಸೊಪ್ಪಿನ ಮಡಿ ಮಾಡಿಕೊಟ್ಟವಳು ನೆರೆಮನೆಯ ಅಕ್ಕ. ನಾನು ನೇರ ಸಾಲಿಗೆ ಹಗ್ಗ ಹಿಡಿದಿದ್ದೆ. ಆಕೆ ಹಗ್ಗ ಕಸಿದುಕೊಂಡು, ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, “ದೊಡ್ಡವ್ವಾ, ಕುಂತಲ್ಲೇ ಕೈ ಚಾಚ್ರಿ” ಎಂದಳು. ಅವ್ವನ ಬೆರಳು ತಿರುಗಿದತ್ತ ಬೂದಿ ಸುರಿದು, ಆ ಬಾಗಿದ ಗೆರೆಗೆ ಹೊಲದ ಕಲ್ಲು ಜೋಡಿಸಿ, ಒಳಗೆ ಎರೆಮಣ್ಣು, ತಿಪ್ಪೆಗೊಬ್ಬರ ತುಂಬಿದಳು.

ಆಮೇಲೆ ತಿಂಗಳಿಗೊಮ್ಮೆ ಬಂದು, “ಕಲ್ಲು ಸರದಾವ ನೋಡ್ರಿ” ಎನ್ನುತ್ತ ಮತ್ತೆ ಜೋಡಿಸುತ್ತಿದ್ದಳು. ಕಲ್ಲು ತಾವಾಗಿ ಹೇಗೆ ಸರಿದಾವು ಎಂದು ನಾನು ರೇಗಿದ್ದುಂಟು.

ಒಂದು ದಿನ ಗಮನಿಸಿದೆ. ಹಿತ್ತಲ ಗೋಡೆಗೆ ತಾಗಿದ್ದ ಮಡಿ ಈಗ ಗೋಡೆಯಿಂದ ಗೇಣು ದೂರವಿತ್ತು. ಅವ್ವನ ತೋಳು ಬಿಗಿದು ಕೈ ಚಾಚುವುದು ಕಮ್ಮಿಯಾದಷ್ಟೂ ಅಕ್ಕ ಕಲ್ಲನ್ನೂ ಗಿಡವನ್ನೂ ಹತ್ತಿರ ತಂದಿದ್ದಳು. ಕೇಳಲು ಬಾಯಿ ತೆರೆದರೆ ಕಣ್ಣಲ್ಲೇ ತಡೆದಳು.

ಅವ್ವ ಪುದೀನ ಚಿವುಟುತ್ತ ಹೇಳಿದಳು: “ಕಡೀ ಗಿಡಕ್ಕ ಇನ್ನೂ ಕೈ ಮುಟ್ಟತೈತಿ ನೋಡಪಾ.”