ಹೆಸರು ಹೇಳಬಾರದವರ ಹುಡುಕಾಟ

ನಮ್ಮ ಮನೆಯಲ್ಲಿ ದಿನಾ ಸಂಜೆ ಕಳೆದುಹೋಗುವ ವಸ್ತು ಒಂದಿದೆ, ಕಡ್ಡಿಪೆಟ್ಟಿಗೆ. ಬೆಳಗ್ಗೆ ಒಲೆಯ ಪಕ್ಕದಲ್ಲೇ ಇದ್ದದ್ದು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಎದ್ದು ಹೋಗಿರುತ್ತದೆ. ಬತ್ತಿ ಹೊಸೆದಾಗಿದೆ, ಎಣ್ಣೆ ಹಾಕಿಯಾಗಿದೆ, ಜಿಡಗಾದ ಮಠಕ್ಕೆ ಹೋದಾಗ ತಂದ ವಿಭೂತಿ ಹಚ್ಚಿಕೊಂಡಾಗಿದೆ, ದೇವರೂ ನಾನೂ ಇಬ್ಬರೂ ತಯಾರು, ಕಡ್ಡಿಪೆಟ್ಟಿಗೆಯೊಂದೇ ಇಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಕಡ್ಡಿಪೆಟ್ಟಿಗೆ ಅಲ್ಲದಿದ್ದರೆ ಕತ್ತರಿ, ಕತ್ತರಿ ಅಲ್ಲದಿದ್ದರೆ ಕನ್ನಡಕ.

ಅತ್ತೆಯವರು ಇರುವತನಕ ಈ ಹುಡುಕಾಟದ ತ್ರಾಸು ನನಗೆ ಗೊತ್ತಿರಲಿಲ್ಲ. ಕೇಳಿದರೆ ಸಾಕು, ಕೂತಲ್ಲಿಂದಲೇ "ಬ್ಯಾಳಿ ಡಬ್ಬಿ ಹಿಂದ ನೋಡವಾ" ಎನ್ನುವರು, ಅಲ್ಲೇ ಇರುತ್ತಿತ್ತು. ಕಣ್ಣು ಮಂಜಾದ ಮೇಲೂ ಅವರ ಲೆಕ್ಕ ತಪ್ಪಲಿಲ್ಲ. ಮುಂಜಾನೆ ಎದ್ದ ಕೂಡಲೇ ಅವರ ಕೈ ಅಡುಗೆಮನೆಯ ಮಾಡ, ಹಲಗೆ, ಡಬ್ಬಿಗಳ ಮೇಲೆ ಒಮ್ಮೆ ಸುಮ್ಮನೆ ಸವರಿಕೊಂಡು ಹೋಗುತ್ತಿತ್ತು, ಕರುವಿನ ಮೈ ಸವರಿದ ಹಾಗೆ. ಆ ಸವರುವಿಕೆ ಯಾಕೆಂದು ನಾನು ಒಮ್ಮೆಯೂ ಕೇಳಲಿಲ್ಲ. ಅದರ ಅರ್ಥ ನನಗಾದದ್ದು ಮೊನ್ನೆ, ಕಂಪ್ಯೂಟರಿನ ಮುಂದೆ.

ನಮ್ಮ ಮನೆಯವರು ಇಲ್ಲೇ ಆಳಂದದಲ್ಲಿ ಹೈಸ್ಕೂಲ್ ಮಾಸ್ತರು. ಪಡಸಾಲೆಯ ಮೂಲೆಯಲ್ಲಿರುವ ಕಂಪ್ಯೂಟರು ಅವರದ್ದಾದರೂ, ಅದರ ಹೊಟ್ಟೆಯೊಳಗೆ ನಮ್ಮೆಲ್ಲರ ಸಂಸಾರವೂ ಇದೆ. ಪ್ರಶ್ನೆಪತ್ರಿಕೆ, ಪಹಣಿ, ಕರೆಂಟಿನ ಬಿಲ್ಲು, ನನ್ನ ತವರು ಅಫಜಲಪುರದ ಮದುವೆ ಫೋಟೊಗಳು, ಎಲ್ಲವೂ ಸಂತೆಯಲ್ಲಿ ಸುರಿದಂತೆ ಬಿದ್ದಿವೆ. ಮೊದಲೆಲ್ಲ ಏನಾದರೂ ಹುಡುಕಲು ಹಚ್ಚಿದರೆ ಆ ಯಂತ್ರ ಹಸಿರು ಗೆರೆಯೊಂದನ್ನು ಎಳೆಯುತ್ತ ಎಳೆಯುತ್ತ ಕೂತುಬಿಡುತ್ತಿತ್ತು. ಅಷ್ಟರಲ್ಲಿ ನಾನು ಹಿಟ್ಟು ನಾದಿ ಬರುತ್ತಿದ್ದೆ. ಈ ಸಲ ರಜೆಗೆ ಬಂದ ಮಗಳು ಅಶ್ವಿನಿ, ಅವಳು ಕಡಗಂಚಿಯ ಯುನಿವರ್ಸಿಟಿಯಲ್ಲಿ ಓದುತ್ತಾಳೆ, ಫೈಲು ಹುಡುಕುವ ಒಂದು ಸಣ್ಣ ಸಾಫ್ಟ್‌ವೇರ್ ಅದಕ್ಕೆ ಹಾಕಿದಳು. ಒಂದು ಅಕ್ಷರ ಒತ್ತಿದರೆ ಸಾಕು, ಬೆರಳು ಮೇಲೇಳುವ ಮುಂಚೆಯೇ ಉತ್ತರ ಬಂದು ನಿಲ್ಲುತ್ತದೆ.

"ಇಷ್ಟ ಲಗೂನ ಹೆಂಗ ಹುಡುಕ್ತದಬೇ ಇದು?" ಎಂದೆ.

"ಈಗ ಹುಡುಕೋದೇ ಇಲ್ಲವ್ವಾ ಅದು. ಮೊದಲೇ ಎಲ್ಲಾ ಫೈಲಿನ ಹೆಸರು ಒಮ್ಮಿ ಓದಿ ಇಟ್ಟುಕೊಂಡಿರ್ತದ. ನೀ ಕೇಳೋದಷ್ಟೇ ತಡ."

ನನಗೆ ಥಟ್ಟನೆ ಅತ್ತೆಯವರ ಮುಂಜಾನೆಯ ಕೈ ನೆನಪಾಯಿತು. ಕೇಳಿದ ಮೇಲೆ ಮನೆಯೆಲ್ಲ ಜಾಲಾಡುವವಳು ನಾನು; ಕೇಳುವ ಮುಂಚೆಯೇ ಎಲ್ಲದರ ಯೋಗಕ್ಷೇಮ ವಿಚಾರಿಸಿಟ್ಟುಕೊಂಡವರು ಅವರು. ಈ ಹೊಸ ಯಂತ್ರವಿದ್ಯೆಯನ್ನು ನಮ್ಮ ಮನೆಯ ಹಿರಿಯಳೊಬ್ಬಳು ಬೇಳೆ ಡಬ್ಬಿಗಳ ಮೇಲೆ ಕಲಿತಿದ್ದಳಲ್ಲ ಎಂದು ನಗು ಬಂತು, ಕಣ್ಣೂ ತುಂಬಿತು.

ಅತ್ತೆಯವರು ಹೋಗಿ ವರ್ಷವಾಗಿತ್ತು. ವರ್ಷದ ಪೂಜೆಗೆಂದು ನಾದಿನಿ ಸುವರ್ಣಾ ಜೇವರ್ಗಿಯಿಂದ ಬಂದಿದ್ದಳು. ತಾಯಿ ಕಣ್ಣುಮುಚ್ಚಿದಾಗ ಅವಳು ಆಪರೇಷನ್ ಆಗಿ ದವಾಖಾನೆಯಲ್ಲಿ ಮಲಗಿದ್ದಳು. ಕೊನೆಯ ಮಾತಿಗೆ ಸಿಗಲಿಲ್ಲ. ಪೂಜೆ ಮುಗಿದು, ಉಂಡವರೆಲ್ಲ ಹೊರಟು, ಮನೆ ಹಗುರಾದ ಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಅಂದಳು.

"ವೈನಿ, ಅವ್ವನ ಮುಖ ಕಣ್ಣಿಗಿ ಕಟ್ಟಿದಂಗ ಅದ. ದನಿ ಮಾತ್ರ ನೆನಪಾಗವಲ್ದು. ಹಿಡೀಬೇಕಂದ್ರ ಜಾರಿ ಹೋಗಾಕತ್ತದ. ಎಲ್ಲೆರ ಅದೇನ್ರಿ, ಅವ್ವ ಮಾತಾಡಿದ್ದು?"

ಇತ್ತು, ಒಂದೇ ಒಂದು. ಒಂದು ಎಳ್ಳಮವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಭಜ್ಜಿ, ಕಡುಬು, ಸಜ್ಜೆರೊಟ್ಟಿ ಉಂಡು ಬನ್ನಿಗಿಡದ ನೆರಳಲ್ಲಿ ಕೂತಾಗ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಅಶ್ವಿನಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಸುವರ್ಣಾ ಆ ವರ್ಷ ಜೇವರ್ಗಿಯಲ್ಲಿ ತನ್ನ ಗಂಡನ ಮನೆಯ ಹೊಲದಲ್ಲಿದ್ದಳು. ಆ ಫೋನು ಕೆಡುವ ಮುಂಚೆ ಅದರಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದೆವು. ಯಾವ ಹೆಸರಿನಲ್ಲಿ ಹಾಕಿದ್ದೆವು ಎಂಬುದು ನನಗೂ ನೆನಪಿಲ್ಲ, ಅಶ್ವಿನಿಗೂ ನೆನಪಿಲ್ಲ.

ಅಶ್ವಿನಿ ಕೂತಳು, ಸುವರ್ಣಾ ಅವಳ ಭುಜ ಹಿಡಿದು ನಿಂತಳು. ಅತ್ತೆಯವರ ಹೆಸರು ಹಾಕಿದರೆ ಪಿಂಚಣಿಯ ಕಾಗದ, ಮತದಾರರ ಚೀಟಿ ಬಂದವು. ಅವ್ವ ಅಂದರೆ ನನ್ನ ತವರಿನ ಫೋಟೊ ಬಂದವು. ಎಳ್ಳಮವಾಸ್ಯೆ ಅಂದರೆ ನಮ್ಮ ಮನೆಯವರು ಮಕ್ಕಳಿಗೆ ಬರೆಸಿದ ಪ್ರಬಂಧ ಬಂತು. ಒಂದೊಂದು ಹೆಸರಿಗೂ ಯಂತ್ರ ಅದೇ ವೇಗದಲ್ಲಿ, ಅದೇ ಉತ್ಸಾಹದಲ್ಲಿ, ಬೇಡದ್ದನ್ನೇ ತಂದು ಸುರಿಯಿತು. ಜಾತ್ರೆಯಲ್ಲಿ ಕೈತಪ್ಪಿದ ಮಗುವನ್ನು ಹುಡುಕುವವರಿಗೆ ಪ್ರತಿಯೊಬ್ಬರೂ ಬೇರೆ ಮಗುವನ್ನು ತಂದು ತೋರಿಸಿದ ಹಾಗೆ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಚೇಷ್ಟೆ ಮಾಡಿದರು. "ಅವ್ವ ಅದರೊಳಗ ಇದ್ದಿದ್ರ ಇಷ್ಟೊತ್ತಿಗಿ ತಾನ ಒದರತಿದ್ಲು, ಚಾ ಆತೇನು ಅಂತ."

"ನೀ ಸುಮ್ಕ ಕೂಡೋ ಅಣ್ಣಾ," ಎಂದಳು ಸುವರ್ಣಾ. ನಗಲು ಹೋದಳು, ಬರಲಿಲ್ಲ.

"ಮುತ್ಯಾನ ಹೆಸರು ಹಾಕಿ ನೋಡ್ಲೇನು? ಅವತ್ತು ಮುತ್ಯಾನ ಹೆಸರು ಹೇಳು ಅಂತೇ ಅಲ್ಲೇನು ಆಯಿಗಿ ಗಂಟುಬಿದ್ದಿದ್ದು?" ಎಂದಳು ಅಶ್ವಿನಿ. ಹಾಕಿದಳು. ಮಾವನವರ ಹೆಸರು ಅವಳು ಹಾಕಬಹುದು, ಮೊಮ್ಮಗಳು. ಸೊಸೆಯಾದ ನಾನು ಇಲ್ಲೂ ಬರೆಯುವುದಿಲ್ಲ, ನೀವು ತಪ್ಪು ತಿಳಿಯಬಾರದು. ಆ ಹೆಸರಿಗೆ ಹೊಲದ ಕಾಗದಗಳು ಬಂದವು, ಭೂಸನೂರಿನ ಕಾರ್ಖಾನೆಗೆ ಕಬ್ಬು ಹಾಕಿದ ಚೀಟಿಗಳು ಬಂದವು, ಅವರ ಮರಣದ ದಾಖಲೆಯೂ ಬಂತು. ದನಿ ಬರಲಿಲ್ಲ.

ಸುವರ್ಣಾ ನಿಟ್ಟುಸಿರು ಬಿಟ್ಟು ಅಲ್ಲೇ ನೆಲಕ್ಕೆ ಕೂತಳು. "ಬಿಡವಾ. ಅಪ್ಪನ ಹೆಸರಿನಾಗ ಅವ್ವ ಹೆಂಗ ಸಿಕ್ಕಾಳು? ಆಕಿ ಜಲ್ಮದಾಗ ಅಪ್ಪನ ಹೆಸರು ಹಿಡಿದು ಕರದಾಕಿ ಅಲ್ಲ. ಆಕಿಗಿ ಅಪ್ಪ ಅಂದ್ರ ಬರೇ 'ಕೇಳ್ತೀರೇನ್ರಿ.'"

ನನಗೆ ನೆನಪು ಅಲ್ಲಿ ಬಿಚ್ಚಿಕೊಂಡಿತು. ಫೋನಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹಾಕಿದ ದಿನ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಶ್ವಿನಿ ಪಡಸಾಲೆಯಿಂದ "ಆಯಿ ಮಾತಾಡಿದ್ದಕ್ಕ ಏನಂತ ಹೆಸರಿಡ್ಲಿ?" ಎಂದು ಕೂಗಿದ್ದಳು. ಬಡಿತದ ಸದ್ದಿನಲ್ಲಿ, ನಗುತ್ತ, ಒಂದು ಮಾತು ಒಗೆದಿದ್ದೆ.

"ಅಶ್ವಿನಿ, ಕೇಳ್ತೀರೇನ್ರಿ ಅಂತ ಹಾಕವಾ."

ಪೂರಾ ಹಾಕುವ ಕೆಲಸವೂ ಬೀಳಲಿಲ್ಲ. ಮೊದಲಿನ ಅಕ್ಷರಗಳಿಗೇ ಆ ಒಂದು ಸಾಲು ಬಂದು ನಿಂತಿತು.

ಮೊದಲು ಗಾಳಿ. ಜೋಳದ ಎಲೆಗಳ ಸರಸರ. ಹೆಂಗಸರ ನಗೆ. ಸಣ್ಣ ಅಶ್ವಿನಿ "ಮುತ್ಯಾನ ಹೆಸರು ಹೇಳ ಆಯಿ" ಎಂದು ಕಾಡುತ್ತಿದ್ದಾಳೆ. ಆಮೇಲೆ ಅತ್ತೆಯವರು, "ಏ ಹೋಗಬೇ, ದಡ್ಡಿ!" ಸುವರ್ಣಾಳ ಕೈ ನನ್ನ ಕೈಯನ್ನು ಹಿಡಿಯಿತು. ಹೆಂಗಸರು ಬಿಡುತ್ತಿಲ್ಲ. ಅತ್ತೆಯವರು ದನಿ ಎತ್ತಿ ಬದುವಿನ ಕಡೆ ಕೂಗುತ್ತಾರೆ.

"ಕೇಳ್ತೀರೇನ್ರಿ? ಇವರಿಗಿ ನಿಮ್ಮ ಹೆಸರು ಬೇಕಂತ!"

ದೂರದಿಂದ, ಗಾಳಿಯೊಳಗಿಂದ, ಒಂದು ಗಂಡಸಿನ ದನಿ. "ಹೂಂ. ಕೊಟ್ಟು ಕಳಸು."

ನಗೆಯ ಬುಗ್ಗೆ. ಅದು ಇಳಿದ ಮೇಲೆ ಅತ್ತೆಯವರು ಗಂಟಲು ಸರಿಮಾಡಿಕೊಂಡು, ಗಂಡನ ಹೆಸರು ಹೇಳುವ ಒಡಪು ಹೇಳುತ್ತಾರೆ. "ಭೂಸನೂರ ಕಬ್ಬು ಗಾಣಕ್ಕ ಬಂತು, ತಡದಿಟ್ಟ ಹೆಸರು ನಾಲಿಗಿಗಿ ಬಂತು." ಹಾಗೆಂದು, ಹೊಸ ಮದುಮಗಳ ನಾಚಿಕೆಯಿಂದ, ಆ ಹೆಸರು.

ಬಾಗಿಲಲ್ಲಿದ್ದ ನಮ್ಮ ಮನೆಯವರು ಯಾವಾಗಲೋ ಹಿಂದೆ ಬಂದು ನಿಂತಿದ್ದರು. ಸುವರ್ಣಾ ಅಳುತ್ತಿದ್ದದ್ದು ಅವ್ವನ ದನಿಗಲ್ಲ.

"ವೈನಿ, ಅಪ್ಪನೂ ಅದಾನ್ರಿ ಇದರಾಗ," ಎಂದಳು. "ಇನ್ನೊಮ್ಮಿ ಹಚ್ಚವಾ ಅಶ್ವಿನಿ. ಆ 'ಹೂಂ' ಇನ್ನೊಮ್ಮಿ ಹಚ್ಚು."

ಮಾವನವರು ಅತ್ತೆಯವರಿಗಿಂತ ಎಷ್ಟೋ ಮೊದಲು ಹೋದವರು. ಅವರ ದನಿ ಎಲ್ಲೂ ಉಳಿದಿಲ್ಲ ಎಂದೇ ನಾವು ತಿಳಿದಿದ್ದೆವು. ಅವತ್ತು ಬೆನ್ನು ತಿರುಗಿಸಿ ದೂರ ಕೂತವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಬ್ಬರನ್ನು ಕೇಳಿದವಳಿಗೆ ಇಬ್ಬರನ್ನೂ ಕೊಟ್ಟ ದೇವರಿಗೆ ಏನೆನ್ನಲಿ? ಆ ಹುಡುಕುವ ಯಂತ್ರಕ್ಕೆ ಹೆಸರು ಬಿಟ್ಟು ಬೇರೇನೂ ತಿಳಿಯದು, ಆದರೆ ನಾವು ಯಾವುದನ್ನು ಹೆಸರೆಂದು ಕೊಟ್ಟರೂ ಅದಕ್ಕೆ ತಕರಾರಿಲ್ಲ. ಅದು ಸಣ್ಣ ಉಪಕಾರವೇ ಇರಬಹುದು. ನಾನು ದೀಪದ ಮುಂದೆ ಕೂತು ನೆನೆಯುವುದೆಲ್ಲ ಇಂಥ ಸಣ್ಣವನ್ನೇ: ಹಾಲು ಒಡೆಯದ್ದು, ಬಸ್ಸಿನಲ್ಲಿ ಜಾಗ ಸಿಕ್ಕಿದ್ದು, ಈಗ ಇದೂ. ದೇವರನ್ನಾದರೂ ನಾನು ಅವನ ನಾಮಾವಳಿ ಹಿಡಿದು ಕರೆಯುವುದು ಪೂಜೆಯ ಹೊತ್ತಿಗೆ ಮಾತ್ರ. ಉಳಿದ ಹೊತ್ತೆಲ್ಲ ಅತ್ತೆಯವರು ಬದುವಿನ ಕಡೆ ಕೂಗಿದ ಹಾಗೆಯೇ ಕೂಗುತ್ತೇನೆ.

ಸುವರ್ಣಾ ಆ ದನಿಯನ್ನು ತನ್ನ ಫೋನಿಗೆ ಹಾಕಿಸಿಕೊಂಡು ಮರುದಿನ ಜೇವರ್ಗಿಯ ಬಸ್ಸು ಹತ್ತಿದಳು.

ಅವತ್ತು ಸಂಜೆ ಬತ್ತಿ ಹೊಸೆದು, ಎಣ್ಣೆ ಹಾಕಿ, ಕೈಚಾಚಿದರೆ ಕಡ್ಡಿಪೆಟ್ಟಿಗೆ ಇಲ್ಲ. ಬೇಳೆ ಡಬ್ಬಿಯ ಹಿಂದೆಯೂ ಇಲ್ಲ. ಎಂದಿನಂತೆ ಗೊಣಗಲು ಬಾಯಿ ತೆರೆದವಳು ತಡೆದು, ಪಡಸಾಲೆಯ ಕಡೆ ತಿರುಗಿ ಕರೆದೆ.

"ಕೇಳ್ತೀರೇನ್ರಿ?"

"ಹೂಂ," ಎಂದರು ನಮ್ಮ ಮನೆಯವರು, ಪೇಪರಿನಿಂದ ತಲೆ ಎತ್ತದೆ.

ಯಾಕೆ ಕರೆದೆನೋ ಆ ಕ್ಷಣಕ್ಕೆ ಮರೆತುಹೋಯಿತು. ಹಚ್ಚದ ದೀಪದ ಮುಂದೆ ನಿಂತು, ಆ 'ಹೂಂ'ಗಾಗಿಯೇ ಇನ್ನೊಮ್ಮೆ ಕರೆದೆ.