ಬನ್ನಿ ಮರದ ನೆಂಟರು

ಗೋವಿಂದಮ್ಮ ಗಂಡಸರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಳು: ಉಂಡು ಮಾತಾಡುವವರು, ಮಾತಾಡಿ ಉಣ್ಣುವವರು, ಉಣ್ಣುತ್ತಲೇ ಮಾತಾಡುವವರು. ಗಂಡ ಕದಿರಪ್ಪ ಮೂರನೆಯ ಬಗೆ. ತುತ್ತು ನುಂಗುವುದಕ್ಕೂ ತೀರ್ಪು ಹೇಳುವುದಕ್ಕೂ ಅವನಿಗೆ ಒಂದೇ ಗಳಿಗೆ ಸಾಕು. ಊರಿನ ಯಜಮಾನನಾದ್ದರಿಂದ ಅವನು ಹೇಳಿದ್ದೆಲ್ಲ ತೀರ್ಪೇ ಆಗುತ್ತಿತ್ತು.

ಸೂಳಗಿರಿಯಿಂದ ಮಣ್ಣುದಾರಿ ಹಿಡಿದು ಒಳಕ್ಕೆ ನಡೆದರೆ ಸಿಗುವ ಊರು ಅದು. ಗೋವಿಂದಮ್ಮ ಅದೇ ಊರಿನ ಮೇಲಿನ ಬೀದಿಯಲ್ಲಿ ಹುಟ್ಟಿ ಕೆಳಗಿನ ಬೀದಿಗೆ ಸೊಸೆಯಾಗಿ ಬಂದವಳು. ಅತ್ತೆ ತೆಲುಗು ಕಡೆಯವಳು. ಅತ್ತೆ ತೆಲುಗಿನಲ್ಲಿ ಬೈದರೆ ಸೊಸೆ ತಮಿಳಿನಲ್ಲಿ ತಪ್ಪೊಪ್ಪಿಕೊಂಡು, ಕನ್ನಡದಲ್ಲಿ ತನಗೆ ಬೇಕಾದ್ದನ್ನೇ ಮಾಡುತ್ತಿದ್ದಳು. ಹೀಗೆ ಒಂದು ದಿನವೂ ಎದುರು ಮಾತಾಡದೆ ಸಂಸಾರ ಗೆದ್ದಿದ್ದಳು. ಮಕ್ಕಳಾಗಲಿಲ್ಲ. ತಮ್ಮ ಮುನಿಕೃಷ್ಣಪ್ಪನ ಮಗಳು ಅಂಜಿನಮ್ಮ ಇವಳ ಸೊಂಟದ ಮೇಲೆಯೇ ಬೆಳೆದಳು. ಆ ಹುಡುಗಿಗೆ ಬಾಗಲೂರಿನ ಕಡೆಯ ವೆಂಕಟಸ್ವಾಮಿಯನ್ನು ಹುಡುಕಿ ತಂದವಳೂ ಗೋವಿಂದಮ್ಮನೇ. ಹುಡುಗ ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದ, ಮಿತಭಾಷಿ. 'ಉಂಡು ಮಾತಾಡೋನು' ಎಂದು ಗೋವಿಂದಮ್ಮ ಮೊದಲ ನೋಟಕ್ಕೇ ಪಾಸು ಮಾಡಿದ್ದಳು.

ಇಬ್ಬರ ಬೆಡಗು, ಅಂದರೆ ಕುಲದೊಳಗಿನ ಬಳಿ, ಕೂಡ ಬೇರೆ ಬೇರೆ ಇತ್ತು. ಅವರ ಜನರಲ್ಲಿ ಒಂದೊಂದು ಬೆಡಗಿನವರಿಗೆ ಒಂದೊಂದು ಮರ. ತಮ್ಮ ಮರವನ್ನು ಅವರು ಕಡಿಯುವುದಿಲ್ಲ, ಒಲೆಗೆ ಹಾಕುವುದಿಲ್ಲ, ಅದರ ಕಾಯಿ ಹಣ್ಣು ತಿನ್ನುವುದಿಲ್ಲ. ಒಂದೇ ಬೆಡಗಿನವರು ಅಣ್ಣತಂಗಿಯರಾದ್ದರಿಂದ ಅವರೊಳಗೆ ಮದುವೆ ಇಲ್ಲ. ಹುಡುಗಿಯದು ಅತ್ತಿ, ಹುಡುಗನದು ಆಲ. ಕದಿರಪ್ಪನದು ಬನ್ನಿ. ಎಲ್ಲವೂ ಸರಿಯಾಗಿತ್ತು, ಯಜಮಾನ ವೀಳ್ಯ ಎತ್ತಿಕೊಟ್ಟರೆ ನಿಶ್ಚಯ ಮುಗಿದಂತೆ.

ಅಷ್ಟರಲ್ಲಿ ಊರಿಗೆ ವಿದ್ಯೆ ಬಂತು.

ಎಪ್ಪತ್ತೆಂಟನೇ ಇಸವಿ, ಅವರೆಕಾಯಿಯ ಕಾಲ. ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಟೀಚರಮ್ಮ ಒಬ್ಬರು ನಾಲ್ಕಾರು ಹುಡುಗಿಯರನ್ನು ಕಟ್ಟಿಕೊಂಡು ಬಂದು ಊರಿನ ಶಾಲೆಯಲ್ಲಿ ಬೀಡುಬಿಟ್ಟರು. ಸೊಪ್ಪುಸದೆ ಕಿತ್ತು ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸುವುದು ಅವರ ಕೆಲಸ. ಅತ್ತಿ ಮರದ ಕೆಳಗೆ ಅವರು ಕಾಯಿ ಕುಯ್ಯುತ್ತಿದ್ದಾಗ ಕದಿರಪ್ಪ ಎದುರಾದ.

"ಇದಕ್ಕೆ ನಿಮ್ಮ ಶಾಸ್ತ್ರದಾಗೆ ಏನಂತ ಹೆಸರಮ್ಮ?"

"ಫೈಕಸ್ ರೆಸಿಮೋಸ."

"ಅತ್ತಿ ಅಂದ್ರೆ ಸಾಲ್ದಾ?"

"ನಿಮಗೆ ಸಾಕು. ಆದರೆ ತೆಲುಗಿನೋರು ಮೇಡಿ ಅಂತಾರೆ, ಹಿಂದಿಯೋರು ಗೂಲರ್ ಅಂತಾರೆ. ಎಲ್ಲ ದೇಶಕ್ಕೂ ಒಂದೇ ಹೆಸರಿರಲಿ ಅಂತ ಇದು. ಮೊದಲನೇದು ಮನೆತನದ ಹೆಸರಿದ್ದ ಹಾಗೆ, ಎರಡನೇದು ಅದರ ಸ್ವಂತದ್ದು. ಅಗೋ, ಆ ಆಲದ ಮರ ಫೈಕಸ್ ಬೆಂಗಾಲೆನ್ಸಿಸ್."

"ನಮ್ಮೂರ ಆಲಕ್ಕೆ ಬಂಗಾಳದ ಹೆಸರಾ!" ಕದಿರಪ್ಪನಿಗೆ ಅವಮಾನವಾದಂತಾಯಿತು. ಆಮೇಲೆ ಬೇರೊಂದು ಹೊಳೆಯಿತು. "ಎರಡಕ್ಕೂ ಮನೆತನ ಒಂದೇನಾ?"

ಟೀಚರಮ್ಮ ಎರಡು ಮರದ ಕಾಯಿಗಳನ್ನೂ ಸೀಳಿ ತೋರಿಸಿದರು. ಹೊರಗೆಲ್ಲೂ ಕಾಣದ ಹೂವು ಎರಡರ ಹೊಟ್ಟೆಯೊಳಗೂ ಸಣ್ಣ ರವೆಯಂತೆ ಕಿಕ್ಕಿರಿದಿತ್ತು. ಎಲೆ ಮುರಿದರೆ ಎರಡರಲ್ಲೂ ಹಾಲು. "ನಾವು ಹೀಗೆ ಹೂವು ಕಾಯಿ ನೋಡೇ ಗುಂಪು ಮಾಡೋದು. ಅಣ್ಣತಮ್ಮ ಅಂತಾನೇ ಇಟ್ಕೊಳ್ಳಿ" ಎಂದರು.

ಇಟ್ಟುಕೊಂಡ. ಆ ಸಂಜೆಯೇ ಭಜನೆಮನೆಯ ಮುಂದೆ ತೀರ್ಪು ಬಂತು: ಅತ್ತಿಯೂ ಆಲವೂ ಅಣ್ಣತಮ್ಮ. ಆದ್ದರಿಂದ ಅಂಜಿನಮ್ಮನೂ ವೆಂಕಟಸ್ವಾಮಿಯೂ ಅಣ್ಣತಂಗಿ. ವೀಳ್ಯ ಎತ್ತುವಂತಿಲ್ಲ.

ಎರಡು ದಿನದ ಮೇಲೆ ಬೆಳಿಗ್ಗೆಯೇ ಮುನಿಕೃಷ್ಣಪ್ಪ ಅಕ್ಕನ ಮನೆಯ ಹಿತ್ತಿಲಿಗೆ ಬಂದು ಕುಸಿದು ಕೂತ. "ಭಾವ ಹಿಂಗೆ ಮಾಡ್ಬುಟ್ರಲ್ಲಕ್ಕಾ. ಬಾಗಲೂರಿನೋರು ಮುಂದಿನ ವಾರದ ಗಂಟ ಕಾಯ್ತಾರಂತೆ. ಆಮ್ಯಾಕೆ ಬೇರೆ ಹೆಣ್ಣು ನೋಡ್ತಾರಂತೆ."

ಅಂಜಿನಮ್ಮ ಅಳಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, ಉಜ್ಜಿ ಮುಗಿದ ಚೆಂಬನ್ನೇ ಮತ್ತೆ ಮತ್ತೆ ಉಜ್ಜುತ್ತಿದ್ದಳು. ಅವಳ ಮುಖದ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಅದನ್ನು ನೋಡಲಾರದೆ ಗೋವಿಂದಮ್ಮ ಎದ್ದು ಬನ್ನಿ ಮರದ ಹತ್ತಿರ ಹೋದಳು. ಉದುರಿ ಬಿದ್ದಿದ್ದ ಒಂದು ಒಣಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ಶಾಲೆಗೆ ನಡೆದಳು.

"ತಾಯೀ, ಇದರ ನೆಂಟರು ಯಾರ್ಯಾರು?"

ಟೀಚರಮ್ಮ ಕಾಯಿ ಬಿಡಿಸಿದರು. ಬೀಜಗಳು ಸಾಲಾಗಿ ಕೂತಿದ್ದವು. "ಇಂಥ ಕಾಯಿ ಬಿಡೋದೆಲ್ಲ ಒಂದೇ ದೊಡ್ಡ ಸಂಸಾರ. ಅವರೆ, ಹುರುಳಿ, ತೊಗರಿ, ಅಲಸಂದೆ, ಕಡಲೆಕಾಯಿ, ಹುಣಸೆ..."

"ಹುಣಸೆನೂವಾ?" ಗೋವಿಂದಮ್ಮನ ಕಣ್ಣುಗಳು ಮಿನುಗಿದವು.

"ಆದರೆ ಇವು ದೂರದ ನೆಂಟರಮ್ಮ. ಅತ್ತಿ ಆಲದಷ್ಟು ಹತ್ತಿರದೋರಲ್ಲ."

"ದೂರದೋರಾದ್ರೇನು, ನೆಂಟರು ನೆಂಟರೇ ಬುಡಿ."

ವಿಷಯ ತಿಳಿದ ಟೀಚರಮ್ಮ ಗಾಬರಿಯಾದರು. ಮರದ ಸಂಬಂಧ ಮನುಷ್ಯರಿಗೆ ಅಂಟುವುದಿಲ್ಲ, ನಾನೇ ಬಂದು ಯಜಮಾನರಿಗೆ ಹೇಳುತ್ತೇನೆ ಎಂದರು.

"ಬ್ಯಾಡಿ ತಾಯಿ" ಎಂದಳು ಗೋವಿಂದಮ್ಮ. "ನೀವು ಹೇಳಿದ್ರೆ ಇನ್ನೊಂದು ಕಲ್ತುಬುಡ್ತಾರೆ."

ಆ ಮಧ್ಯಾಹ್ನ ಕದಿರಪ್ಪನ ತಣಿಗೆಯಲ್ಲಿ ಬಿಸಿ ಮುದ್ದೆ, ಪಕ್ಕಕ್ಕೆ ಒಂದು ಹರಳು ಉಪ್ಪು, ಒಂದು ಈರುಳ್ಳಿ.

"ಸಾರೆಲ್ಲೇ?"

"ಹುರುಳಿ ಸಾರು ಮಾಡಾಣ ಅಂತಿದ್ದೆ. ಆದ್ರೆ ಹುರುಳಿ ನಿಮ್ಮ ಬನ್ನಿಗೆ ತಮ್ಮ ಆಗ್ಬೇಕಂತೆ, ಟೀಚರಮ್ಮನೇ ಹೇಳಿದ್ರು. ನೆಂಟರನ್ನ ಕುದಿಯೋ ನೀರಿಗೆ ಹೆಂಗೆ ಹಾಕ್ಲಿ?"

"ಅವರೆಕಾಯಿ ಹಾಕು."

"ಅದು ತಂಗಿ."

"ಬರೀ ಹುಣಸೆ ಗೊಜ್ಜು ಮಾಡು ಮತ್ತೆ!"

"ಅಯ್ಯೋ, ಅದು ದೊಡ್ಡಪ್ಪ!"

ಕದಿರಪ್ಪ ಈರುಳ್ಳಿ ಕಚ್ಚಿದ. ಅವತ್ತು ಅವನು ಉಣ್ಣುತ್ತ ಮಾತಾಡಲಿಲ್ಲ.

ಮಜ್ಜಿಗೆ ಇತ್ತು, ಹುಚ್ಚೆಳ್ಳಿನ ಪುಡಿ ಇತ್ತು, ಉಪವಾಸ ಬೀಳಲಿಲ್ಲ. ಆದರೆ ಊರೆಲ್ಲ ಹಿತಕವರೆಯ ಸಾರು ಕುದಿಯುವ ಕಾಲ. ಸಂಜೆಯಾದರೆ ಬೀದಿಯೇ ಘಮ್ಮೆನ್ನುತ್ತಿತ್ತು. ಕದಿರಪ್ಪ ಮೂಗನ್ನು ಎತ್ತ ತಿರುಗಿಸಿದರೂ ಅತ್ತ ಒಬ್ಬ ನೆಂಟ. ಗುಟ್ಟಾಗಿ ಅಕ್ಕ ಭದ್ರಮ್ಮನ ಮನೆಗೆ ಹೋದ. ಗಂಡ ಸತ್ತ ಮೇಲೆ ತವರೂರಿಗೇ ಬಂದು ನೆಲೆಸಿದ್ದ ಭದ್ರಮ್ಮನ ಕೈ ಸಾರೆಂದರೆ ಊರಿಗೇ ಪ್ರಸಿದ್ಧ. ಅವಳು ಬಾಗಿಲಲ್ಲೇ ತಡೆದಳು.

"ಬಾರ್ಲಾ, ಪಂಡಿತ! ನಾನೂ ಬನ್ನಿಯೋರ ಮಗಳೇ ಅಲ್ಲೇನ್ಲಾ? ನಿನ್ನ ಹೆಂಡ್ತಿ ಹೇಳಿ ಹೋದ್ಲು. ಬಿಡಿಸಿ ನೆನೆಹಾಕಿದ್ದ ಅವರೆಕಾಳು ಎಮ್ಮೆಗೆ ಸುರಿದೆ ಕಣ್ಲಾ! ಹಲ್ಲಿಲ್ಲದ ಬಾಯಿಗೆ ವರುಷಕ್ಕೊಂದ್ಸಲ ಸಿಗೋ ಮೆತ್ತನೆ ಸುಖ ಅದು. ಅದನ್ನೂ ತೆಗೆದ್ಯಲ್ಲೋ!"

ಗೋವಿಂದಮ್ಮ ಭದ್ರಮ್ಮನೊಬ್ಬಳಿಗೇ ಹೇಳಿ ಸುಮ್ಮನಾಗಿರಲಿಲ್ಲ. ಮಾರನೆಯ ದಿನ ಬನ್ನಿ ಬೆಡಗಿನ ಮನೆಗಳವರೆಲ್ಲ ಕದಿರಪ್ಪನ ಜಗಲಿಯ ಮುಂದೆ ಸೇರಿದರು. ಅವರಲ್ಲಿ ಹಿರಿಯನಾದ ಶ್ಯಾಮಣ್ಣ ಕೇಳಿದ: "ಯಜಮಾನ್ರೇ, ಹೊಲದಾಗೆ ಹುರುಳಿ ನಿಂತದೆ. ಕುಯ್ಯಾದೋ, ಕೈಮುಗಿದು ಬರಾದೋ, ಒಂದು ಹೇಳ್ಬುಡಿ. ಹೆಂಗಸ್ರು ಒಲೆನೇ ಹಚ್ತಿಲ್ಲ."

ಕದಿರಪ್ಪ ತಲೆ ಕೆರೆದುಕೊಂಡ. ಬಾಗಿಲ ಹಿಂದೆ ನಿಂತಿದ್ದ ಗೋವಿಂದಮ್ಮ ಕದಕ್ಕೆ ಕಿವಿಯಾನಿಸಿದಳು. ಗಂಡ ಹಟಕ್ಕೆ ಬಿದ್ದು ಅವರೆಯನ್ನೂ ಬಿಟ್ಟರೆ ಹುಡುಗಿಯ ಬಾಳಿನ ಜೊತೆಗೆ ಊರಿನ ಸಾರೂ ಹೋದಂತೆ.

"ಮರದ ನೆಂಟಸ್ತಿಕೆ ಮರಗಳಿಗೆ" ಎಂದ ಕದಿರಪ್ಪ ಕೊನೆಗೆ. "ಮನುಷ್ಯರಿಗೆ ಹಿಂದಿನೋರು ಮಾಡಿದ್ದೇ ಕಟ್ಟು. ಕುಯ್ಕೊಳ್ಳಿ, ಬೇಯಿಸ್ಕೊಳ್ಳಿ."

"ಅಂಗಾದ್ರೆ ಅತ್ತಿಗೂ ಆಲಕ್ಕೂ?" ಬಾಗಿಲ ಹಿಂದಿನಿಂದ ಮೆಲ್ಲಗೆ ದನಿ ಬಂತು.

ಕದಿರಪ್ಪ ಹೆಂಡತಿಯ ಕಡೆ ತಿರುಗಿದ. ಅವಳ ಮುಖ ಗಂಭೀರವಾಗಿತ್ತು, ನಗು ತಡೆಯಲು ಹೋಗಿ ಗಲ್ಲ ಮಾತ್ರ ನಡುಗುತ್ತಿತ್ತು.

"ಅವಕ್ಕೂ ಅಷ್ಟೇ. ವೀಳ್ಯಕ್ಕೆ ಅಣಿ ಮಾಡು. ಮೊದ್ಲು ಸಾರಿಗಿಡೇ ಮಾರಾಯ್ತಿ!"

ನಿಶ್ಚಯದ ದಿನ ಟೀಚರಮ್ಮನನ್ನೂ ಕರೆದಿದ್ದರು. ಕದಿರಪ್ಪ ತಟ್ಟೆಯಿಂದ ವೀಳ್ಯ ಎತ್ತಿದ. ಅಂಜಿನಮ್ಮ ತಲೆಯೆತ್ತಲಿಲ್ಲ. ಆದರೆ ಅವಳ ಕೈಬಳೆಗಳು ಸುಮ್ಮನಿರಲಾರದೆ ಸದ್ದು ಮಾಡಿದವು. ಟೀಚರಮ್ಮ ತಟ್ಟೆಯ ಎಲೆಯೊಂದನ್ನು ತೆಗೆದು ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ ಶುರು ಮಾಡಿದರು: "ಈ ವೀಳ್ಯದೆಲೆ ಇದೆಯಲ್ಲ, ಇದೂ ಕರಿಮೆಣಸೂ..."

ಕದಿರಪ್ಪನ ಕಿವಿ ನಿಮಿರಿತು.

ಗೋವಿಂದಮ್ಮ ಇಡೀ ಒಬ್ಬಟ್ಟನ್ನೇ ಮಡಿಸಿ ಟೀಚರಮ್ಮನ ಬಾಯಿಗೆ ತುರುಕಿದಳು. "ಮೊದ್ಲು ಉಣ್ಣಿ ತಾಯಿ, ಆಮ್ಯಾಕೆ ಮಾತು."