ನೀರಿಗೆ ಬೆನ್ನು ಹಾಕಿ ಕೂತ ಟೀಚರ್

ಹೋದ ವಾರ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಹೊಸ ಹಗ್ಗದ ವಾಸನೆ ಮೂಗಿಗೆ ಬಡಿಯಿತು. ಅಂಥದೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಮ್ಮನ್ನು ಗುಡ್ಡ ಹತ್ತಿಸುತ್ತಿದ್ದ ಪಿ.ಟಿ. ಟೀಚರ್ ಕಣ್ಣ ಮುಂದೆ ಬಂದರು...

ತೊಂಬತ್ತರ ದಶಕದ ಕೊನೆ. ನಾನು ವಿದ್ಯಾನಗರದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಹಿಂದಿನ ವರ್ಷ ಉಪ್ಪಿನಬೆಟಗೇರಿಯ ನಮ್ಮ ಹೊಲದ ಬಾವಿಗೆ ಅಕ್ಕ ಕಾಲು ಜಾರಿ ಬಿದ್ದು ತೀರಿಕೊಂಡಿದ್ದಳು. ದಂಡೆಯಲ್ಲಿ ನಾನೊಬ್ಬಳೇ ಇದ್ದೆ. ಆಮೇಲೆ ಬಕೆಟ್ಟಿಗೆ ನೀರು ಬೀಳುವ ಸದ್ದಾದರೂ ಹೊರಗೆ ಓಡುತ್ತಿದ್ದೆ.

ಆ ಸಲದ ಚಾರಣ ಗುಡ್ಡ ದಾಟಿ ಕೆರೆಯ ತನಕ. ಹೆಡ್‌ಮಾಸ್ತರರು ಪಟ್ಟಿಯಲ್ಲಿ ಎರಡು ಹೆಸರು ಹೊಡೆದುಹಾಕಿದರು. ಒಂದು ನನ್ನದು, ಇನ್ನೊಂದು ಪೋಲಿಯೋದಿಂದ ಕಾಲು ಸೊರಗಿದ್ದ ನನ್ನ ಗೆಳತಿಯದು.

"ಇವರಿಬ್ಬರ್ನ ಬಿಟ್ಟು ಹೋಗ್ರಿ. ಸುಮ್ನ ತ್ರಾಸ."

"ಇವರು ಇಲ್ಲಂದ್ರ ಚಾರಣನೂ ಇಲ್ರಿ ಸರ್," ಎಂದರು ಟೀಚರ್. ಅವರ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ.

ಹೊರಟ ದಿನ ಗೆಳತಿಯನ್ನು ಸಾಲಿನ ಮುಂದೆ ನಿಲ್ಲಿಸಿದರು. ಯಾರೂ ಅವಳನ್ನು ದಾಟುವಂತಿರಲಿಲ್ಲ. ಓಟದಲ್ಲಿ ಬಹುಮಾನ ಗೆದ್ದವರೆಲ್ಲ ಗೊಣಗುತ್ತ ಹಿಂದೆ ಬಂದರು.

ಕೆರೆ ಕಂಡದ್ದೇ ನಾನು ನಿಂತುಬಿಟ್ಟೆ. ಜೊತೆಗೆ ಬಂದಿದ್ದ ಗಣಿತದ ಮಾಸ್ತರರು, "ಒಮ್ಮೆ ನೀರಾಗ ಇಳಿಸಿದ್ರ ಅಂಜಿಕಿ ತಾನ ಹೋಗ್ತದ," ಎಂದು ನನ್ನ ರಟ್ಟೆ ಹಿಡಿದು ಎಳೆದರು. ನಾನು ಕಿರುಚಿದೆನೋ ಇಲ್ಲವೋ... ನೆನಪಿಲ್ಲ. ಟೀಚರ್ ದನಿ ಮಾತ್ರ ನೆನಪಿದೆ.

"ಆಕಿ ಕೈ ಬಿಡ್ರಿ."

ಮಾಸ್ತರರು ಬಿಡಲಿಲ್ಲ. ಆ ಬೆರಳುಗಳನ್ನು ಟೀಚರೇ ಒಂದೊಂದಾಗಿ ಬಿಡಿಸಿದರು, ಇಡೀ ತರಗತಿಯ ಎದುರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ ಕುಂದ್ರಬೇಕನಸ್ತದ, ನೀನ ಹೇಳವಾ," ಎಂದರು.

ದೂರದ ಬೇವಿನ ಮರ ತೋರಿಸಿದೆ. ಅಲ್ಲಿ ಅವರು ನೀರಿಗೆ ಬೆನ್ನು ಹಾಕಿ, ಕೆರೆ ನನಗೆ ಕಾಣದಂತೆ ಎದುರಿಗೆ ಕೂತರು. ರೊಟ್ಟಿ ಮುರಿದು ಕೊಟ್ಟರು. ಎಷ್ಟೋ ಹೊತ್ತಿನ ಮೇಲೆ ನಾನಾಗಿಯೇ ಅಕ್ಕನ ಹೆಸರು ಹೇಳಿದೆ, ಆಕೆ ಹೋದ ಮೇಲೆ ಮೊದಲ ಸಲ...

ಮಾಸ್ತರರು ದೂರು ಕೊಟ್ಟರು. ಟೀಚರ್ ಕ್ಷಮೆ ಕೇಳಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಅವರನ್ನು ಕೆಲಸದಿಂದ ತೆಗೆದಿದ್ದರು. ನಾನು, ಗೆಳತಿ ಹೆಡ್‌ಮಾಸ್ತರರ ಕೋಣೆಗೆ ಹೋಗಿ, "ನಮ್ಮ ಟೀಚರ್ದು ತಪ್ಪೇನ್ರಿ ಸರ್?" ಎಂದು ಕೇಳಿದೆವು. ಹೊರಗೆ ಕಳಿಸಿದರು. ಸಂಜೆಯ ಗಂಟೆ ಹೊಡೆಯುವ ತನಕ ಇಬ್ಬರೂ ಆ ಕೋಣೆಯ ಬಾಗಿಲಲ್ಲೇ ನಿಂತೆವು.

ಈಗ ಭಾನುವಾರಗಳಂದು ನಾನೂ ಹುಡುಗಿಯರನ್ನು ಗುಡ್ಡಕ್ಕೆ ಕರೆದೊಯ್ಯುತ್ತೇನೆ. "ಇಷ್ಟು ಸಾವಕಾಶ ನಡದ್ರ ಯಾವಾಗ ಮುಟ್ಟೋದ್ರಿ?" ಎಂದು ಪಾಲಕರು ಸಿಟ್ಟಾಗುತ್ತಾರೆ. "ಎಲ್ಲಾರೂ ಮುಟ್ಟಿದಾಗ್ರಿ," ಎನ್ನುತ್ತೇನೆ.

ಟೀಚರನ್ನು ಬಹಳ ಹುಡುಕಿದೆ. ಅವರು ತೀರಿಹೋದ ಸುದ್ದಿ ಎರಡು ವರ್ಷ ತಡವಾಗಿ ತಿಳಿಯಿತು. ಆ ದಿನ ನಾವಿಬ್ಬರು ಅವರಿಗಾಗಿ ಬಾಗಿಲಲ್ಲಿ ನಿಂತದ್ದನ್ನು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ... ನನಗಂತೂ ಹೇಳಲಾಗಲಿಲ್ಲ.